ಕೈ ಹಿಡಿಯೋದು, ಕೈ ಬಿಡೋದು

"ಬೀಳೋದನ್ನ ಕಲಿಸೋಕೂ ಒಂದು ಕೋರ್ಸಾ?"

ಹೀಗೆ ಕೇಳಿದವರು ಒಬ್ಬಿಬ್ಬರಲ್ಲ ಕಣ್ರೀ. ಆಫೀಸಿನಲ್ಲಿ ಪಕ್ಕದ ಕ್ಯೂಬಿಕಲ್ಲಿನ ತೆಲುಗು ಗೆಳೆಯ ಕೇಳಿದ. ಕನ್ನಡ ಸಂಘದ ಯುಗಾದಿ ಊಟದಲ್ಲಿ ಹೋಳಿಗೆಗೆ ತುಪ್ಪ ಬಡಿಸ್ತಾ ಇದ್ದ ಹಿರಿಯರೊಬ್ಬರು ಚಮಚ ಹಿಡಿದುಕೊಂಡೇ ಕೇಳಿದರು. ಅಲ್ಲಿ ನಿಂತು ಉತ್ತರ ಹೇಳೋಣ ಅಂದ್ರೆ ಹಿಂದಿನ ಎಲೆಯವರು ತುಪ್ಪಕ್ಕೆ ಕಾಯ್ತಾ ಇದ್ದರು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಹೌದು, ಕೋರ್ಸಿದೆ. ವಿಮಾನದಿಂದ ಜಿಗಿಯೋದನ್ನ ಇನ್ನೊಬ್ಬರಿಗೆ ಕಲಿಸಬೇಕು ಅಂದ್ರೆ ಪುಸ್ತಕ ಓದಬೇಕು, ಪಾಠ ಮಾಡಿ ತೋರಿಸಬೇಕು, ಕೊನೆಗೆ ಆಕಾಶದಲ್ಲಿ ಪರೀಕ್ಷೆ ಕೊಡಬೇಕು. ಮುಂದಿನ ತಿಂಗಳು ನಾನು ಅದಕ್ಕೆ ಕೂರ್ತಾ ಇದ್ದೀನಿ. 'ಕೂರ್ತಾ' ಅನ್ನೋ ಪದ ಇಲ್ಲಿ ಅಷ್ಟು ಸರಿ ಹೋಗಲ್ಲ, ಆದ್ರೂ ಇರಲಿ.

ಹಳೇ ಓದುಗರಿಗೆ ಗೊತ್ತು, ನಾನಿರೋದು ಫೀನಿಕ್ಸಿನಲ್ಲಿ. ಟೂಸಾನ್ ಕಡೆ ಐ-10 ಹಿಡಿದು ಒಂದು ಗಂಟೆ ಹೋದರೆ ಈಲಾಯ್ ಅನ್ನೋ ಸಣ್ಣ ಊರು ಸಿಗುತ್ತೆ. ಸುತ್ತ ಮರುಭೂಮಿ, ಹತ್ತಿಹೊಲ, ಆ ಕಡೆ ಪಿಕಾಚೋ ಶಿಖರ. ಪ್ರಪಂಚದ ದೊಡ್ಡ ಸ್ಕೈಡೈವಿಂಗ್ ತಾಣಗಳಲ್ಲಿ ಅದೂ ಒಂದು. ಬೇರೆಯವರು ಶನಿವಾರ ಕ್ರಿಕೆಟ್ಟಿಗೆ ಹೋಗೋ ಹಾಗೆ ನಾನು ಅಲ್ಲಿಗೆ ಹೋಗ್ತೀನಿ. ಸುಮಾರು 13,000 ಅಡಿ ಮೇಲಿಂದ ಜಿಗಿತೀವಿ. ಎಷ್ಟು ಎತ್ತರ ಅಂತ ಅಂದಾಜು ಬೇಕಾದ್ರೆ ನಮ್ಮ ಮುಳ್ಳಯ್ಯನಗಿರಿಯ ತಲೆಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟು ನೋಡಿ, ಹೆಚ್ಚೂಕಮ್ಮಿ ಅಷ್ಟು. ಅಲ್ಲಿಂದ ಒಂದು ನಿಮಿಷ ಬರೀ ಬೀಳೋದು, ಗಂಟೆಗೆ 190 ಕಿಲೋಮೀಟರ್ ವೇಗದಲ್ಲಿ. ಆಮೇಲೆ ಪ್ಯಾರಾಚೂಟ್.

ನಮ್ಮೂರು ತಿಪಟೂರು ಕಡೆ. ಕೊಬ್ಬರಿ ಸೀಮೆ. ಅಲ್ಲಿ ಪ್ಯಾರಾಚೂಟ್ ಅಂದ್ರೆ ನೀಲಿ ಬಾಟಲಿಯ ಎಣ್ಣೆ ಅಷ್ಟೇ, ಇನ್ನೇನಿಲ್ಲ. ನನ್ನ ಈ ಹವ್ಯಾಸಕ್ಕೆ ಅಮ್ಮ ಹೇಗೋ ಹೊಂದಿಕೊಂಡಿದ್ದಳು. ಅಂದ್ರೆ, ಅದರ ಮಾತೇ ಎತ್ತದೆ ಇರೋದು ಅಂತ ನಮ್ಮಿಬ್ಬರ ನಡುವೆ ಒಪ್ಪಂದ ಆಗಿತ್ತು. ಬೋಧಕನಾಗೋ ವಿಷಯ ಮಾತ್ರ ಫೋನಿನಲ್ಲಿ ನಾನೇ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು ಅಂದಳು: "ನೀನೊಬ್ಬ ಬೀಳೋದು ಸಾಲ್ದು ಅಂತ ಇನ್ನೊಬ್ಬರ ಮಕ್ಕಳನ್ನೂ ಕರ್ಕೊಂಡು ಬೀಳ್ತೀಯೇನೋ?"

ನಾನು ಅಂಕಿ-ಅಂಶ ಹೇಳೋಕೆ ಹೋದೆ. 2023ರಲ್ಲಿ ಅಮೆರಿಕದಲ್ಲಿ ಸುಮಾರು 36.5 ಲಕ್ಷ ಜಿಗಿತ ಆಗಿವೆ, ಸತ್ತವರು ಹತ್ತು ಜನ, 1970ರ ದಶಕದಲ್ಲಿ ವರ್ಷಕ್ಕೆ ಸರಾಸರಿ ನಲವತ್ತಕ್ಕೂ ಹೆಚ್ಚು ಜನ ಸಾಯ್ತಿದ್ರು ಅಂತ. ಅಮ್ಮ ಪೂರ್ತಿ ಕೇಳಿಸಿಕೊಂಡು, "ಆ ಹತ್ತು ಜನಕ್ಕೂ ಅಮ್ಮ ಇದ್ಲಲ್ಲ" ಅಂದಳು. ಆ ಮಾತಿಗೆ ನನ್ನ ಹತ್ರ ಯಾವ ಅಂಕಿಯೂ ಇರಲಿಲ್ಲ. ಈ ತಯಾರಿ ಪೂರ್ತಿ ಆ ಮಾತಿನ ಸುತ್ತಲೇ ಸುತ್ತುತ್ತಾ ಇದೆ ಅಂತ ಈಗೀಗ ಅನ್ನಿಸ್ತಿದೆ.

*

ಮೊದಲು ಲೆಕ್ಕಾಚಾರ ಮುಗಿಸಿಬಿಡ್ತೀನಿ. ಇಲ್ಲಿ ಇದನ್ನೆಲ್ಲ ನೋಡಿಕೊಳ್ಳೋದು ಅಮೆರಿಕದ ಪ್ಯಾರಾಚೂಟ್ ಸಂಘ, ಯುಎಸ್‌ಪಿಎ. 25 ಜಿಗಿತ ಆಗಿ ಪರೀಕ್ಷೆ ಪಾಸಾದರೆ 'ಎ' ಲೈಸೆನ್ಸ್, 50ಕ್ಕೆ 'ಬಿ', 200ಕ್ಕೆ 'ಸಿ', 500ಕ್ಕೆ 'ಡಿ'. ಕಲಿಸೋರಿಗೆ ಬೇರೆ ಮೆಟ್ಟಿಲುಗಳು. ಮೊದಲನೇದು ಕೋಚ್. ಅದಕ್ಕೆ 'ಬಿ' ಲೈಸೆನ್ಸು, ನೂರು ಜಿಗಿತ ಬೇಕು. ಅದು ನನಗೆ ಹೋದ ವರ್ಷವೇ ಆಯ್ತು. ಅದರ ಮೇಲಿನದು ಬೋಧಕ, ಅದರಲ್ಲೂ ಒಳಜಾತಿಗಳಿವೆ. ಪ್ರವಾಸಿಗಳನ್ನ ಎದೆಗೆ ಕಟ್ಟಿಕೊಂಡು ಜಿಗಿಯೋರು ಟ್ಯಾಂಡಮ್ ಬೋಧಕರು. ಫೇಸ್‌ಬುಕ್ಕಿನಲ್ಲಿ ನಿಮ್ಮ ಸ್ನೇಹಿತರು ಹಾಕೋ ಫೋಟೋದಲ್ಲಿ ಹಿಂದುಗಡೆ ಹಲ್ಲು ಕಿರಿತಾ ಇರ್ತಾರಲ್ಲ, ಅವರು. ಅವರಿಗೆ 500 ಜಿಗಿತ, ಮೂರು ವರ್ಷದ ಅನುಭವ, ವೈದ್ಯಕೀಯ ಸರ್ಟಿಫಿಕೇಟು ಎಲ್ಲ ಬೇಕು.

ನಾನು ಹೊರಟಿರೋದು ಇನ್ನೊಂದು ಕಡೆಗೆ, ಎಎಫ್‌ಎಫ್ ಅಂತಾರೆ. ಇಲ್ಲಿ ವಿದ್ಯಾರ್ಥಿ ಯಾರಿಗೂ ಕಟ್ಟಿಕೊಂಡಿರಲ್ಲ. ಅವನ ಬೆನ್ನ ಮೇಲೆ ಅವನದೇ ಪ್ಯಾರಾಚೂಟ್. ಮೊದಲ ಜಿಗಿತಗಳಲ್ಲಿ ಆ ಕಡೆ ಒಬ್ಬ ಈ ಕಡೆ ಒಬ್ಬ ಬೋಧಕರು ಅವನನ್ನ ಹಿಡಕೊಂಡು ಜೊತೆಗೇ ಬೀಳ್ತಾರೆ. ಆಮೇಲೆ ಒಬ್ಬರೇ. ಅದಕ್ಕೂ ಆಮೇಲೆ ಹಿಡಿಯೋದನ್ನೂ ಬಿಟ್ಟು ಪಕ್ಕದಲ್ಲಿ ಬೀಳ್ತಾರೆ. ಈ ಪದ್ಧತಿ ಶುರುವಾಗಿದ್ದು 1980ರ ದಶಕದ ಆರಂಭದಲ್ಲಿ. ಅದಕ್ಕೆ ಮುಂಚೆ ವಿಮಾನಕ್ಕೆ ಕಟ್ಟಿದ ಪಟ್ಟಿಯೊಂದು ವಿದ್ಯಾರ್ಥಿಯ ಪ್ಯಾರಾಚೂಟನ್ನ ಎಳೆದು ಬಿಚ್ಚೋದು, ಮೇಷ್ಟ್ರು ವಿಮಾನದಲ್ಲೇ ಉಳಿಯೋರು. ಈಗ ಮೇಷ್ಟ್ರೂ ಹೊರಗೆ ಬರ್ತಾರೆ.

ಇದು ನನಗೆ ಪೂರ್ತಿ ಹೊಸದೇನಲ್ಲ ಅಂತ ಒಂದೊಂದು ಸಲ ಅನ್ನಿಸುತ್ತೆ. ನಮ್ಮ ತೋಟದ ಬಾವೀಲಿ ಈಜು ಕಲಿತವರಿಗೆ ಅರ್ಥ ಆಗುತ್ತೆ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ಮಾವ ಮೊದಲು ಹೊಟ್ಟೆ ಕೆಳಗೆ ಕೈ ಕೊಟ್ಟು ಹಿಡಿಯೋರು. ಒಂದು ವಾರಕ್ಕೆ ಕೈ ತೆಗೆದು ಪಕ್ಕದಲ್ಲಿ ಬರೋರು. ಆಮೇಲೆ ಸೋರೆಬುರುಡೇನೂ ಬಿಚ್ಚಿಬಿಡೋರು. ವ್ಯತ್ಯಾಸ ಏನಪ್ಪಾ ಅಂದ್ರೆ, ಬಾವೀಲಿ ಮಾವನಿಗೆ ಸಂಜೆವರೆಗೂ ಟೈಮಿತ್ತು. ಇಲ್ಲಿರೋದು ಒಂದು ನಿಮಿಷ.

ಈ ಕೋರ್ಸಿಗೆ ಸೇರೋಕೆ 'ಸಿ' ಲೈಸೆನ್ಸಿನ ಜೊತೆಗೆ ಒಟ್ಟು ಆರು ಗಂಟೆ ಬಿದ್ದಿರಬೇಕು. ಪ್ಯಾರಾಚೂಟ್ ಬಿಚ್ಚಿದ ಮೇಲಿನ ಹೊತ್ತು ಲೆಕ್ಕಕ್ಕಿಲ್ಲ, ಬರೀ ಬಿದ್ದಿದ್ದು ಮಾತ್ರ. ಬೆಂಗಳೂರಿಂದ ಶಿವಮೊಗ್ಗಕ್ಕೆ ಬಸ್ಸಲ್ಲಿ ಹೋಗೋಷ್ಟು ಹೊತ್ತು. ಒಂದೊಂದೇ ನಿಮಿಷ ಕೂಡಿಸಿದರೆ ಮುನ್ನೂರ ಅರವತ್ತು ಜಿಗಿತ. ಅಷ್ಟು ಮಾಡೋಷ್ಟರಲ್ಲಿ ಎಷ್ಟು ದುಡ್ಡು ಬಿದ್ದಿದೆ ಅಂತ ನಮ್ಮನೆಯವಳ ಎದುರು ಲೆಕ್ಕ ಹಾಕೋಕೆ ಹೋಗಲ್ಲ.

*

ಇನ್ನು ತಯಾರಿ. ವಾರದ ದಿನಗಳಲ್ಲಿ ಅದು ನಡೆಯೋದು ನಮ್ಮನೆ ಗರಾಜಿನಲ್ಲಿ.

ಮೆಕ್ಯಾನಿಕ್‌ಗಳು ಕಾರಿನಡಿಗೆ ಹೋಗೋಕೆ ಮಲಗೋ ಗಾಲಿ ಹಲಗೆ ಇರುತ್ತಲ್ಲ, ಅಂಥದ್ದು ಒಂದು ತಂದಿಟ್ಟಿದ್ದೀನಿ. ಸ್ಕೈಡೈವರ್‌ಗಳು ನೆಲದ ಮೇಲೆ ಅಭ್ಯಾಸ ಮಾಡೋದು ಇದರ ಮೇಲೇ. ವಿದ್ಯಾರ್ಥಿಯ ಪಾತ್ರ ನನ್ನ ಮಗಳದು, ವಯಸ್ಸು ಎಂಟು. ಬೋರಲು ಮಲಗಿ ಕೈಕಾಲು ಚಾಚ್ತಾಳೆ, ನಾನು ಮಂಡಿಯೂರಿ ಪಕ್ಕದಲ್ಲಿ ಹಿಡಿದು ಸನ್ನೆ ಮಾಡ್ತೀನಿ. ಬೀಳುವಾಗ ಗಾಳಿಯ ಅಬ್ಬರದಲ್ಲಿ ಮಾತು ಕೇಳಿಸಲ್ಲ, ಎಲ್ಲಾ ಕೈಸನ್ನೆಯಲ್ಲೇ ಆಗಬೇಕು. ಎರಡು ಬೆರಳು ನೀಟಾಗಿ ಚಾಚಿದರೆ ಕಾಲು ಚಾಚು ಅಂತ. ಹೆಬ್ಬೆರಳು ಕೆಳಗೆ ತೋರಿಸಿದರೆ ಸೊಂಟ ಮುಂದೆ ತಳ್ಳಿ ಬೆನ್ನು ಬಾಗಿಸು ಅಂತ. ಹೆಬ್ಬೆರಳು-ಕಿರುಬೆರಳು ಬಿಡಿಸಿ ಕೈ ಅಲ್ಲಾಡಿಸಿದರೆ ಸಡಿಲ ಬಿಡು, ಬಿಗಿ ಹಿಡಿಬೇಡ ಅಂತ. ತೋರುಬೆರಳು ಮುಖದ ಮುಂದೆ ಬಂತೋ, ಎಳಿ ಈಗಲೇ ಅಂತ. ಈಗ ನಾನು ಹೋಮ್‌ವರ್ಕ್ ಆಗ್ಲಿಲ್ಲ ಅಂತ ಗದರಿದರೆ ಮಗಳು ಎದುರಿಗೆ ನಿಂತು ಹೆಬ್ಬೆರಳು-ಕಿರುಬೆರಳು ಅಲ್ಲಾಡಿಸ್ತಾಳೆ. ಏನ್ ಹೇಳ್ತೀರಾ?

ಅವಳಿಗೆ ಬಹಳ ಇಷ್ಟದ ಪಾಠ ಅಂದ್ರೆ ಗಿರಗಿರ ತಿರುಗೋದು. ಗಾಲಿ ಹಲಗೆ ಇರೋದೇ ಅದಕ್ಕೆ ಅಂತ ಅವಳ ನಂಬಿಕೆ. ನಿಜವಾದ ವಿದ್ಯಾರ್ಥಿಗಳೂ ಹೀಗೇ. ಹೆದರಿಕೆಯಲ್ಲಿ ಒಂದು ಕಾಲು ಮಡಚಿದರೆ ಸಾಕು, ಬುಗುರಿ ಹಾಗೆ ತಿರುಗೋಕೆ ಶುರು. ಕೆಲವರು ಬೆನ್ನ ಮೇಲೆ ಮಗುಚಿಕೊಳ್ತಾರೆ. ಬೋಧಕ ಆದವನು ಅಂಥವರ ಹತ್ತಿರ ಹೋಗಿ, ಬೀಸ್ತಾ ಇರೋ ಕೈಕಾಲು ತಪ್ಪಿಸಿಕೊಂಡು, ಹಿಡಿದು ನಿಲ್ಲಿಸಬೇಕು. ಹಿಡಿಯೋದಕ್ಕಿಂತ ಮುಂಚೆ ಅವರ ಮಟ್ಟದಲ್ಲೇ ಬೀಳ್ತಾ ಇರಬೇಕು. ದಪ್ಪಗಿರೋರು ಬೇಗ ಬೀಳ್ತಾರೆ, ತೆಳ್ಳಗಿರೋರು ನಿಧಾನ. ನಾನು ಐವತ್ತೆಂಟು ಕೇಜಿ ಆಸಾಮಿ. ನೂರು ಕೇಜಿಯ ಅಮೆರಿಕನ್ ವಿದ್ಯಾರ್ಥಿ ಸಿಕ್ಕರೆ ಅವನು ಕಲ್ಲು, ನಾನು ಎಲೆ. ಅದಕ್ಕೇ ಸೀಸದ ಗುಂಡು ತುಂಬಿದ ಬೆಲ್ಟ್ ಕಟ್ಟಿಕೊಂಡು, ಬಿಗಿ ಬಟ್ಟೆ ಹಾಕಿಕೊಂಡು ಅಭ್ಯಾಸ ಮಾಡ್ತಾ ಇದ್ದೀನಿ. ಜೊತೆಗೆ ಗಾಳಿ ಸುರಂಗ ಇದೆ. ಕೆಳಗಿಂದ ಫ್ಯಾನಿನ ಗಾಳಿ ಮೇಲಕ್ಕೆ ನುಗ್ಗುತ್ತೆ, ನೀವು ಅದರ ಮೇಲೆ ತೇಲ್ತೀರಿ. ಹದಿನೈದು ನಿಮಿಷ ತೇಲಿದರೆ ಹದಿನೈದು ಜಿಗಿತದಷ್ಟು ಅಭ್ಯಾಸ ಆಯ್ತು ಅಂತ ಲೆಕ್ಕ.

ರಾತ್ರಿ ಊಟ ಆದ ಮೇಲೆ ಪುಸ್ತಕ. ನಮ್ಮನೆಯವಳು ಕೈಪಿಡಿ ಹಿಡಿದು ಕೂತು ಪ್ರಶ್ನೆ ಕೇಳ್ತಾಳೆ. ಒಂಟಿಯಾಗಿ ಜಿಗಿಯೋ ವಿದ್ಯಾರ್ಥಿಗೆ ನೆಲದ ಮೇಲಿನ ಗಾಳಿ ಎಷ್ಟಿರಬಹುದು? ಗಂಟೆಗೆ 14 ಮೈಲಿ, ಜಾಸ್ತಿ ಇದ್ರೆ ಇಲ್ಲ. ರಿಸರ್ವ್ ಪ್ಯಾರಾಚೂಟನ್ನ ಎಷ್ಟು ದಿನಕ್ಕೊಮ್ಮೆ ಬಿಚ್ಚಿ ಮತ್ತೆ ಮಡಚಬೇಕು? 180 ದಿನ, ಅದೂ ಲೈಸೆನ್ಸ್ ಇರೋ ರಿಗ್ಗರ್ ಕೈಯಲ್ಲೇ. ಅವಳು ಇದುವರೆಗೆ ಒಂದು ಸಲವೂ ಜಿಗಿದಿಲ್ಲ, ಆದ್ರೆ ಈಗ ಬರೆಯೋ ಪರೀಕ್ಷೆಗೆ ಅವಳೇ ಕೂತರೂ ಪಾಸಾಗ್ತಾಳೆ.

*

ಪಾಠ ಮಾಡೋದನ್ನೂ ಕಲೀಬೇಕು. ಕೈಪಿಡಿಯಲ್ಲಿ ಒಂದು ಕ್ರಮ ಹೇಳಿದ್ದಾರೆ: ಮೊದಲು ಇಡೀ ಕ್ರಿಯೆ ಮಾಡಿ ತೋರಿಸಿ, ಆಮೇಲೆ ತುಂಡು ತುಂಡಾಗಿ ಕಲಿಸಿ, ಕೊನೆಗೆ ಮತ್ತೆ ಇಡಿಯಾಗಿ ಮಾಡಿಸಿ. ಓದಿದ ತಕ್ಷಣ ನನಗೆ ನೆನಪಾಗಿದ್ದು ಊರಿನ ಸಂಗೀತದ ಮೇಷ್ಟ್ರು. ಅವರೂ ಮೊದಲು ಕೀರ್ತನೆ ಪೂರ್ತಿ ಹಾಡಿ, ಆಮೇಲೆ ಒಂದೊಂದು ಸಾಲು ಹತ್ತು ಸಲ ಹೇಳಿಸಿ, ಕೊನೆಗೆ ಪೂರ್ತಿ ಹಾಡಿಸೋರು.

ಕೋಚ್ ಆದವನು ಬೋಧಕರ ಕಣ್ಣೆದುರಿಗೆ ಮೊದಲ ಜಿಗಿತದ ತರಗತಿಯ ಕೆಲವು ಭಾಗ ಪಾಠ ಮಾಡಬಹುದು. ಹಾಗೆ ಕಳೆದ ತಿಂಗಳು ಒಂದು ಭಾನುವಾರ ನಾನು ಪಾಠಕ್ಕೆ ನಿಂತಾಗ ಬೆಂಚಿನ ಮೇಲೆ ಕೂತಿದ್ದ ಏಳು ಜನರಲ್ಲಿ ಒಬ್ಬಳು ಧಾರವಾಡದ ಹುಡುಗಿ. ಟೆಂಪೆಯಲ್ಲಿ ಎಂ.ಎಸ್. ಓದ್ತಾ ಇದ್ದಾಳೆ. ಬಿಡುವಿನಲ್ಲಿ ನಾನು ಮನೆಗೆ ಫೋನು ಮಾಡಿದ್ದು ಕೇಳಿಸಿಕೊಂಡು, "ನೀವು ಕನ್ನಡದವ್ರೇನ್ರೀ?" ಅಂತ ಹತ್ರ ಬಂದಳು. ಮನೆಯಲ್ಲಿ ಹೇಳಿ ಬಂದಿಯಾ ಅಂದೆ. ನಕ್ಕಳು. ಆ ನಗು ನನಗೆ ಚೆನ್ನಾಗಿ ಗೊತ್ತು.

ಮಧ್ಯಾಹ್ನ ತುರ್ತು ಸಂದರ್ಭದ ಪಾಠ. ಛಾವಣಿಯಿಂದ ಇಳಿಬಿಟ್ಟ ಪಟ್ಟಿಗಳಲ್ಲಿ ಒಬ್ಬೊಬ್ಬರನ್ನೇ ತೂಗುಹಾಕಿ ಮಾಡಿಸಬೇಕು: ಪ್ಯಾರಾಚೂಟ್ ಸರಿಯಾಗಿ ಬಿಚ್ಚಿಕೊಳ್ಳದಿದ್ರೆ ಕೆಂಪು ಹಿಡಿ ಎಳೆದು ಅದನ್ನ ಕಳಚು, ಬೆಳ್ಳಿ ಹಿಡಿ ಎಳೆದು ರಿಸರ್ವ್ ಬಿಚ್ಚು. ಕೆಂಪು, ಬೆಳ್ಳಿ. ಕೆಂಪು, ಬೆಳ್ಳಿ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಕೈ ಅಲ್ಲಿಗೇ ಹೋಗಬೇಕು. ಹುಡುಗಿ ಚುರುಕು, ಎರಡೇ ಸಲಕ್ಕೆ ಸರಿಯಾಗಿ ಮಾಡಿದಳು. ಕೆಳಗಿಳಿದು ಮೆಲ್ಲಗೆ ಕೇಳಿದಳು:

"ಅಣ್ಣಾ, ನಾ ಹೆದರಿ ಎಳೀಲಿಲ್ಲಂದ್ರ, ಬಾಜೂಕ್ ಇದ್ದವ್ರು ಎಳೀತಾರಲ್ರೀ?"

ಇದಕ್ಕೆ ಉತ್ತರ ಏನು? ಎಳೀತಾರೆ ಅನ್ನೋದು ನಿಜ. 5,500 ಅಡಿಯಲ್ಲಿ ವಿದ್ಯಾರ್ಥಿ ಎಳೀಬೇಕು. ಅವನು ಎಳೀದಿದ್ರೆ ಬೋಧಕ ತೋರುಬೆರಳು ತೋರಿಸ್ತಾನೆ, ಆಗಲೂ ಆಗದಿದ್ರೆ ತಾನೇ ಕೈ ಹಾಕಿ ಎಳೀತಾನೆ. ನಾನು ಇಷ್ಟು ತಿಂಗಳು ಅಭ್ಯಾಸ ಮಾಡ್ತಿರೋದೂ ಅದಕ್ಕೇ ತಾನೇ? ಆದ್ರೆ ಅವಳಿಗೆ ನಾನು ಕೊಡಬೇಕಾಗಿದ್ದ ಉತ್ತರ ಅದಲ್ಲ. "ನೋಡಮ್ಮಾ, ಬೆನ್ನ ಮೇಲಿರೋದು ನಿನ್ನ ಪ್ಯಾರಾಚೂಟು. ಎಳಿಯೋದು ನಿನ್ನ ಕೆಲಸ. ಪಕ್ಕದಲ್ಲಿ ಯಾರೂ ಇಲ್ಲ ಅಂದ್ಕೊಂಡೇ ನೀನು ಜಿಗಿಬೇಕು" ಅಂದೆ. ಹುಡುಗಿಯ ಮುಖ ಸ್ವಲ್ಪ ಬಾಡಿತು. ಕೊನೆಯಲ್ಲಿ ನಿಂತಿದ್ದ ಹಿರಿಯ ಬೋಧಕರಿಗೆ ಕನ್ನಡ ಒಂದಕ್ಷರ ಬರಲ್ಲ, ಆದ್ರೂ ಅವಳ ಮುಖ ನೋಡಿ ಪ್ರಶ್ನೆ ಏನು, ಉತ್ತರ ಏನು ಎರಡೂ ಗೊತ್ತಾಯ್ತು ಅಂತ ಕಾಣುತ್ತೆ, ತಲೆ ಆಡಿಸಿದರು.

ಅವಳಿಗೆ ಹಾಗೆ ಯಾಕೆ ಹೇಳಬೇಕು ಅನ್ನೋದೇ ಈ ಕೋರ್ಸಿನ ಅತಿ ಕಷ್ಟದ ಪಾಠ.

ವಿದ್ಯಾರ್ಥಿ ತಿರುಗ್ತಾ ತಿರುಗ್ತಾ ಕೈಗೆ ಸಿಗಲೇ ಇಲ್ಲ ಅನ್ಕೊಳ್ಳಿ. 5,500 ದಾಟಿತು, 4,000 ದಾಟಿತು, ಬೋಧಕ ಅಟ್ಟಿಸಿಕೊಂಡು ಹೋಗ್ತಾನೇ ಇದ್ದಾನೆ. ಎಲ್ಲಿವರೆಗೆ ಹೋಗಬೇಕು? ಅದಕ್ಕೊಂದು ಗೆರೆ ಇದೆ: 2,000 ಅಡಿ. ಆ ಗೆರೆಯ ಕೆಳಗೆ ಬೋಧಕ ವಿದ್ಯಾರ್ಥಿಯ ಹಿಂದೆ ಹೋಗೋ ಹಾಗಿಲ್ಲ. ಬಿಟ್ಟು, ದೂರ ಸರಿದು, ತನ್ನ ಪ್ಯಾರಾಚೂಟ್ ತಾನು ಬಿಚ್ಚಬೇಕು. 5,500ರಿಂದ 2,000ಕ್ಕೆ ಬರೋದಕ್ಕೆ ಹಿಡಿಯೋದು ಸುಮಾರು ಇಪ್ಪತ್ತು ಸೆಕೆಂಡು. ನೀವು ಈ ಪ್ಯಾರಾ ಓದಿ ಮುಗಿಸೋಷ್ಟರಲ್ಲಿ ಅದು ಆಗಿ ಹೋಗಿರುತ್ತೆ.

ಮೊದಲ ಸಲ ಕೇಳಿದಾಗ ನನಗೆ ಇದು ಕಟುಕರ ಕಾನೂನು ಅನ್ನಿಸಿತ್ತು. ಇನ್ನೊಬ್ಬರ ಮಗುವನ್ನ ಕರ್ಕೊಂಡು ಹೋಗಿ ಮಧ್ಯದಲ್ಲಿ ಬಿಟ್ಟು ಬರೋದಾ? ಕೂತು ಯೋಚನೆ ಮಾಡಿದರೆ ಅದರ ಲೆಕ್ಕ ಬೇರೆ. ವಿದ್ಯಾರ್ಥಿಯ ಬೆನ್ನಿನ ಚೀಲದಲ್ಲಿ ಒಂದು ಸಣ್ಣ ಯಂತ್ರ ಇರುತ್ತೆ. ಜರ್ಮನಿಯ ಹೆಲ್ಮುಟ್ ಕ್ಲೋಟ್ ಅನ್ನೋರು ಮಾಡಿದ ಸೈಪ್ರೆಸ್ ಅನ್ನೋದು ಇದರಲ್ಲಿ ಬಹಳ ಹೆಸರುವಾಸಿ, 1991ರಲ್ಲಿ ಮಾರುಕಟ್ಟೆಗೆ ಬಂತು. ಅದು ಗಾಳಿಯ ಒತ್ತಡದಿಂದ ಎತ್ತರ, ವೇಗ ಎರಡನ್ನೂ ಅಳೀತಾ ಇರುತ್ತೆ. ನೆಲದಿಂದ 750 ಅಡಿಗೆ ಬಂದರೂ ಇನ್ನೂ ಬೀಳೋ ವೇಗದಲ್ಲೇ ಇದ್ರೆ, ತಾನೇ ದಾರ ಕತ್ತರಿಸಿ ರಿಸರ್ವ್ ಬಿಚ್ಚುತ್ತೆ. ಯಾರ ಕೈಯೂ ಬೇಕಾಗಿಲ್ಲ. ಆ ಹೊತ್ತಿನಲ್ಲಿ ಬೋಧಕ ಅವನ ಮೇಲೆ ಬಿದ್ದು ಹಿಡ್ಕೊಳ್ಳೋಕೆ ಒದ್ದಾಡ್ತಾ ಇದ್ರೆ? ಬಿಚ್ಚಿಕೊಳ್ತಾ ಇರೋ ಬಟ್ಟೆಗೆ ಇವನೇ ಅಡ್ಡ. ಉಳೀಬೇಕಾದವನೂ ಹೋಗ್ತಾನೆ, ಉಳಿಸೋಕೆ ಹೋದವನೂ ಹೋಗ್ತಾನೆ.

ಅಂದ್ರೆ ಬಿಡೋದೂ ಅವನ ಒಳ್ಳೇದಕ್ಕೇ. ಇದು ತಲೆಗೆ ಅರ್ಥ ಆಗೋಕೆ ಒಂದು ಸಂಜೆ ಸಾಕಾಯ್ತು. ಕೈಗೆ ಅರ್ಥ ಮಾಡಿಸೋಕೆ ಇನ್ನೂ ಅಭ್ಯಾಸ ನಡೀತಾ ಇದೆ.

*

ಪರೀಕ್ಷೆಯ ಜಿಗಿತಗಳಲ್ಲಿ ನಿಜವಾದ ವಿದ್ಯಾರ್ಥಿ ಇರಲ್ಲ. ಪರೀಕ್ಷಕರೇ ವಿದ್ಯಾರ್ಥಿಯ ವೇಷ ಹಾಕ್ತಾರೆ. ಸಾವಿರಾರು ಜಿಗಿತ ಮಾಡಿದ ಮನುಷ್ಯ ವಿಮಾನದಲ್ಲಿ ಕೂತು ಹೊಸಬನ ಹಾಗೆ ಬೆವರ್ತಾರೆ, ಕೇಳಿದ್ದಕ್ಕೆ ತಪ್ಪು ಉತ್ತರ ಹೇಳ್ತಾರೆ, ಎದೆಪಟ್ಟಿ ಸರಿಯಾಗಿ ಕಟ್ಟದೆ ಬರ್ತಾರೆ. ನೀವು ಕಂಡುಹಿಡೀಬೇಕು. ಹೊರಗೆ ಬಿದ್ದ ಮೇಲಂತೂ ಕೇಳಲೇಬೇಡಿ. ತಿರುಗ್ತಾರೆ, ಮಗುಚಿಕೊಳ್ತಾರೆ, ಆಲ್ಟಿಮೀಟರ್ ನೋಡೋದು ಬಿಟ್ಟು ದಿಗಂತ ನೋಡ್ತಾರೆ, ಎಳೀಬೇಕಾದಾಗ ಕೈ ಕಟ್ಟಿಕೊಂಡಿರ್ತಾರೆ. ನಾಟಕದ ಕಂಪನಿಯಲ್ಲಿ ಇವರಿಗೆಲ್ಲ ಒಳ್ಳೇ ಭವಿಷ್ಯ ಇತ್ತು! ಇದಕ್ಕೆಲ್ಲ ನನ್ನ ಟಿಕೆಟ್ಟೂ ನಾನೇ ಕೊಡಬೇಕು, ಅವರ ಟಿಕೆಟ್ಟೂ ನಾನೇ ಕೊಡಬೇಕು.

ಕಳೆದ ಶನಿವಾರ ನನಗೆ ಅಭ್ಯಾಸ ಮಾಡಿಸೋ ಗುರುಗಳು ಒಂದು ಉಪಾಯ ಮಾಡಿದರು. "ಇವತ್ತು ನೆಲವನ್ನ ಮೂರು ಸಾವಿರ ಅಡಿ ಮೇಲಕ್ಕೆ ಎತ್ತೋಣ" ಅಂದರು. ಅಂದ್ರೆ 5,500ರ ಬದಲು 8,500, 2,000ದ ಬದಲು 5,000. ಎಡವಟ್ಟಾದರೂ ಕೆಳಗೆ ಬೇಕಾದಷ್ಟು ಆಕಾಶ ಉಳಿದಿರಲಿ ಅಂತ. ಹೊರಗೆ ಬಿದ್ದು ಹತ್ತು ಸೆಕೆಂಡು ಪಾಪದ ಹುಡುಗನ ಹಾಗಿದ್ದರು. ಆಮೇಲೆ ನನ್ನ ಕೈ ಕಿತ್ತುಕೊಂಡು ತಿರುಗೋಕೆ ಶುರು ಮಾಡಿದರು. ಹತ್ತಿರ ಹೋದೆ, ಜಾರಿದರು. ಮತ್ತೆ ಹೋದೆ, ಮಗುಚಿಕೊಂಡರು. 8,500 ಹೋಯ್ತು. ಒಂದು ಸಲ ತೊಡೆಯ ಹತ್ರ ಪಟ್ಟಿ ಕೈಗೆ ಸಿಕ್ತು, ಅದೇ ಕ್ಷಣಕ್ಕೆ ಆಲ್ಟಿಮೀಟರಿನ ಮುಳ್ಳು 5,000ದ ಹತ್ರ ಬಂತು.

ಕೈಯಲ್ಲಿ ಪಟ್ಟಿ ಇದೆ. ಇನ್ನೆರಡು ಸೆಕೆಂಡು ಸಿಕ್ಕಿದ್ರೆ ತಿರುಗಿಸಿ ನಿಲ್ಲಿಸಿಬಿಡ್ತೀನಿ ಅಂತ ಇಡೀ ಮೈ ಹೇಳ್ತಾ ಇದೆ. ಬಿಟ್ಟೆ. ತಿರುಗಿ ದೂರ ಸರಿದು ನನ್ನ ಪ್ಯಾರಾಚೂಟ್ ಬಿಚ್ಚಿದೆ. ತಲೆಮೇಲೆ ಬಟ್ಟೆ ಅರಳಿ ಎಲ್ಲಾ ಶಾಂತ ಆದ ಮೇಲೂ ಬಲಗೈ ಬೆರಳುಗಳು ಮಡಚಿಕೊಂಡೇ ಇದ್ದವು.

ನೆಲದ ಮೇಲೆ ಗುರುಗಳು ಪ್ಯಾರಾಚೂಟ್ ಸುತ್ತಿಕೊಂಡು ಬಂದು ಹೇಳಿದ್ದಿಷ್ಟು: ನಾನು ಇವತ್ತು ಹಿಡಿಯೋಕೆ ಬಿಡಬಾರದು ಅಂತಲೇ ನಿರ್ಧಾರ ಮಾಡಿದ್ದೆ, ನೀನು ಬಿಡ್ತೀಯೋ ಇಲ್ಲವೋ ಅಂತ ನೋಡಬೇಕಿತ್ತು. ಹಿಡಿಯೋದನ್ನ ಎಲ್ಲರೂ ಅಭ್ಯಾಸ ಮಾಡಿಕೊಂಡು ಬರ್ತಾರೆ, ಬಿಡೋದನ್ನ ಯಾರೂ ಮಾಡಿರಲ್ಲ. ಬಿಡೋಕೆ ಬರದವನ ಜೊತೆ ನಾನು ಯಾವ ವಿದ್ಯಾರ್ಥಿಯನ್ನೂ ಕಳಿಸಲ್ಲ.

ಇಷ್ಟು ದಿನ ನಾನು ಬೀಳುವಾಗ ಆಕಾಶ ನೋಡ್ತಿದ್ದೆ. ಪಿಕಾಚೋ ಶಿಖರದ ಮೇಲೆ ಬಿಸಿಲು ಬೀಳೋದು, ಕಾಲುವೆ ನೀರು ಹೊಳೆಯೋದು, ಹೆದ್ದಾರಿಯಲ್ಲಿ ಲಾರಿಗಳು ಇರುವೆಸಾಲಿನ ಹಾಗೆ ಹೋಗೋದು, ಇದಕ್ಕೆಲ್ಲ ತಾನೇ ನಾನು ಜಿಗಿಯೋಕೆ ಶುರು ಮಾಡಿದ್ದು. ಈ ಆರು ತಿಂಗಳಲ್ಲಿ ಅದೊಂದೂ ಕಂಡಿಲ್ಲ. ಎದುರಿಗಿರೋ ಮುಖ, ಕೈ, ಕಾಲು, ಆಲ್ಟಿಮೀಟರ್, ಮತ್ತೆ ಮುಖ. ಆ ಒಂದು ನಿಮಿಷ ಇನ್ಮೇಲೆ ನನ್ನದಲ್ಲ. ಬೇಜಾರಿದೆಯಾ ಅಂತ ಕೇಳಿದರೆ, ಸ್ವಲ್ಪ ಇದೆ. ಆದ್ರೆ ನಾನು ಮೊದಲ ಸಲ ಜಿಗಿದಾಗ ನನ್ನ ಎಡಬಲದಲ್ಲಿದ್ದ ಇಬ್ಬರೂ ಶಿಖರ ನೋಡದೆ ನನ್ನ ಮುಖ ನೋಡ್ತಾ ಇದ್ದರು. ಅದನ್ನ ಎಲ್ಲಿ ತೀರಿಸೋದು?

ನಿನ್ನೆ ಅಮ್ಮನಿಗೆ ಫೋನು ಮಾಡಿ ಈ ಹಿಡಿಯೋ-ಬಿಡೋ ಕಥೆಯನ್ನೆಲ್ಲ ಹೇಳಿದೆ, ಅಂಕಿ-ಅಂಶ ಇಲ್ಲದೆ. ಬೈತಾಳೆ ಅಂದ್ಕೊಂಡಿದ್ದೆ. ಪೂರ್ತಿ ಕೇಳಿ, "ಆ ಧಾರವಾಡದ ಹುಡುಗಿ ಅವರಮ್ಮಂಗೆ ಹೇಳಿದ್ಲಂತಾ?" ಅಂದಳು. ಗೊತ್ತಿಲ್ಲಮ್ಮ ಅಂದೆ. "ಕೇಳು. ಹೇಳಿಲ್ಲ ಅಂದ್ರೆ ಮೊದಲು ಹೇಳಿಸು, ಆಮೇಲೆ ಬೀಳಿಸು" ಅಂದಳು. ಯುಎಸ್‌ಪಿಎ ಕೈಪಿಡಿಯಲ್ಲಿ ಇಂಥ ನಿಯಮ ಇಲ್ಲ, ನನ್ನ ತರಗತಿಯಲ್ಲಿ ಇರುತ್ತೆ.

ಹುಡುಗಿಗೆ ಮೆಸೇಜ್ ಕಳಿಸಿದ್ದೀನಿ. ಉತ್ತರ ಇನ್ನೂ ಬಂದಿಲ್ಲ. ಅವಳ ಮೊದಲ ಜಿಗಿತ ಬರೋ ಶನಿವಾರ, ಬೇರೆ ಇಬ್ಬರು ಬೋಧಕರ ಜೊತೆ. ನಾನು ಕೆಳಗೆ ನಿಂತು ನೋಡ್ತೀನಿ. ನನ್ನ ಪರೀಕ್ಷೆಯ ಫಲಿತಾಂಶ ಏನಾದರೂ ಸರಿ, ಮುಂದಿನ ತಿಂಗಳು ಇಲ್ಲೇ ಬರೀತೀನಿ. ಅಲ್ಲಿವರೆಗೆ ನಿಮ್ಮಲ್ಲಿ ಯಾರಿಗಾದರೂ ಎಂಟು ವರ್ಷದ ಮಗುವಿನ ಕೈಯಿಂದ ಗಾಲಿ ಹಲಗೆ ವಾಪಸ್ ತಗೊಳ್ಳೋ ಉಪಾಯ ಗೊತ್ತಿದ್ರೆ ದಯವಿಟ್ಟು ತಿಳಿಸಿ. ಕಾರಿನ ಆಯಿಲ್ ಬದಲಾಯಿಸಬೇಕು.